ಬೂದು ಪಟ್ಟಿಯ ಕೆಳಗಿನ ಹೆಸರುಗಳು

ಬೂದು ಪಟ್ಟಿ ಮತ್ತೆ ಮೇಲೆದ್ದು ಬಂದು ಪತ್ರಿಕೆಯ ಶ್ರದ್ಧಾಂಜಲಿಯಲ್ಲಿದ್ದ ಅಣ್ಣನ ಭಾವಚಿತ್ರದ ಕೆಳಗೆ ನಿಂತಿತು. 'ಮುಂದೆ ಓದಲು ಚಂದಾದಾರರಾಗಿ.' ತಿಹೋಮಿರ ಕಿಟಕಿಯ ಗಾಜಿನ ಮಂಜೊರೆಸುವವನಂತೆ ಫೋನನ್ನು ಬೆರಳಿನಿಂದ ಉಜ್ಜಿ ನೋಡಿದ. ಕಪ್ಪು ಅಂಚು, ಸ್ವೇತೋಜಾರನ ಮುಖ, ನಲವತ್ತನೆಯ ದಿನದ ಪ್ರಾರ್ಥನೆ ನಾಳೆ ಹತ್ತು ಗಂಟೆಗೆ ಎಂಬ ಸಾಲು: ಇಷ್ಟು ಎಲ್ಲರಿಗೂ ಪುಕ್ಕಟೆ. ದುಃಖತಪ್ತರ ಹೆಸರುಗಳು ಮಾತ್ರ ಆ ಪಟ್ಟಿಯ ಮರೆಯಲ್ಲಿ. ಹೆಂಡತಿ, ಮಗಳು, ಆಮೇಲೆ, ಬರೆಸಿದ್ದರೆ, ತಮ್ಮ.

ಅಣ್ಣನ ಊರು ಡ್ಯಾನ್ಯೂಬಿನ ಆಚೆ ದಡದಲ್ಲಿ, ಸರ್ಬಿಯಾದಲ್ಲಿ. ತಿಹೋಮಿರನದು ಈಚೆ, ಕ್ರೊಯೇಷಿಯಾದ ಇಲೋಕ್. ಎರಡೂ ದಡ ಸೇರಿದ್ದ ದೇಶ ಒಡೆದ ಯುದ್ಧದ ವರ್ಷ ಆಡಿದ ಮಾತೊಂದು ಇಬ್ಬರ ನಡುವೆ ಮೂವತ್ತು ಚಳಿಗಾಲ ಹೆಪ್ಪುಗಟ್ಟಿ ನಿಂತಿತ್ತು. ಮಣ್ಣಿಗೂ ಅವನನ್ನು ಯಾರೂ ಕರೆದಿರಲಿಲ್ಲ. ಹೆಸರಿದ್ದರೆ ನಾಳೆ ಸೇತುವೆ ದಾಟಿ ಗೋರಿಯ ಬಳಿ ನಿಲ್ಲಬಹುದು. ಇಲ್ಲದಿದ್ದರೆ ಯಾವ ಮುಖ ಹೊತ್ತು ಹೋಗುವುದು? ಆ ಊರಿನ ಪತ್ರಿಕೆ ಕಾಗದದಲ್ಲಿ ಬರುವುದು ನಿಂತು ಎರಡು ವರ್ಷವಾಗಿತ್ತು.

"ಅಣ್ಣನ ಮಗಳಿಗೇ ಫೋನ್ ಮಾಡಿ ಕೇಳಬಾರದಾ, ಮೇಷ್ಟ್ರೇ?" ಗೋರಿಗೆ ಒಯ್ಯುವ ಬೆಂದ ಗೋಧಿಗೆ ಅಕ್ರೋಟು ಕುಟ್ಟಿ ಹಾಕುತ್ತಿದ್ದ ನೆರೆಮನೆಯ ಜುಜಾನಾ ಕೇಳಿದಳು.

"ಏನಂತ ಕೇಳಲಿ? ನಿಮ್ಮಪ್ಪನಿಗೆ ಅಳೋರ ಪಟ್ಟೀಲಿ ನನ್ನನ್ನೂ ಸೇರಿಸಿದೀಯೇನಮ್ಮ ಅಂತಲಾ?"

"ಹಾಗಾದ್ರೆ ದುಡ್ಡು ಕಟ್ಟಿ ನೋಡಿ. ಸುಮ್ನೆ ಮೀನಮೇಷ ಎಣಿಸ್ತಾ ಕೂತಿದೀರಿ."

ಅವನು ಕಾರ್ಡಿನ ಅಂಕಿಗಳನ್ನು ಒಂದೊಂದಾಗಿ ಒತ್ತಿದ. ಓದುಗ ಇರುವ ದೇಶವನ್ನು ಆರಿಸುವ ಯಾದಿ ತೆರೆಯಿತು. ಜರ್ಮನಿ, ಆಸ್ಟ್ರಿಯಾ, ಕೆನಡಾ, ಆಸ್ಟ್ರೇಲಿಯಾ... ದೂರ ಹೋದವರಿಗೆಲ್ಲ ಅಲ್ಲಿ ಜಾಗವಿತ್ತು; ಎದುರು ದಡದ ಕ್ರೊಯೇಷಿಯಾಕ್ಕಿರಲಿಲ್ಲ. ತೆಗೆಯಲು ಯಾರೋ ಮರೆತ ಹೆಸರೊಂದು ಮಾತ್ರ ಕೊನೆಯಲ್ಲಿ ಉಳಿದಿತ್ತು: ಯುಗೊಸ್ಲಾವಿಯಾ. ಇಪ್ಪತ್ತು ವರ್ಷ ಕರಿಹಲಗೆಯ ಮೇಲೆ, ಸೀಮೆಸುಣ್ಣ ಎತ್ತದೆ, ಒಂದೇ ಗೆರೆಯಲ್ಲಿ ಬಿಡಿಸಿದ ದೇಶ. ಬುದ್ಧಿಗಿಂತ ಮೊದಲು ಬೆರಳು ಒತ್ತಿಬಿಟ್ಟಿತು.

ಹಣ ಹೋಯಿತು. 'ಧನ್ಯವಾದಗಳು. ಈ ಚಂದಾ ನೀವು ಆರಿಸಿದ ದೇಶದೊಳಗೆ ಮಾತ್ರ ಮಾನ್ಯ. ವರ್ಷ ಮುಗಿಯುವವರೆಗೆ ದೇಶ ಬದಲಿಸುವಂತಿಲ್ಲ.' ಬೂದು ಪಟ್ಟಿ ಕದಲಲಿಲ್ಲ.

ಜುಜಾನಾ ಬಗ್ಗಿ ಓದಿ, ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ಭೂಗೋಳದ ಮೇಷ್ಟ್ರಾಗಿ ಇದೇನು ಮಾಡ್ಕೊಂಡ್ರಿ! ಆ ದೇಶಕ್ಕೆ ಈಗ ಯಾವ ಬಸ್ಸು ಹೋಗುತ್ತೆ?"

"ನಾವಿಬ್ರೂ ಹುಟ್ಟಿದ್ದು ಅಲ್ಲೇ ಅಲ್ವೇನಮ್ಮ" ಎಂದ ತಿಹೋಮಿರ.

ಅವಳ ನಗು ನಿಂತಿತು. ಗೋಧಿಯ ಮೇಲೆ ಸಕ್ಕರೆ ಪುಡಿ ಉದುರಿಸಿ, ಕೈ ಒರೆಸಿಕೊಂಡು, "ಬೆಳಿಗ್ಗೆ ಬರ್ತೀನಿ" ಎಂದು ಹೊರಟುಹೋದಳು.

ಅವನು ಬಟ್ಟಲಿಗೆ ಬಟ್ಟೆ ಸುತ್ತಿದ. ಅಮ್ಮ ಹೀಗೆಯೇ ಸುತ್ತಿ, ಮೇಲೆ ಎರಡು ಕಿವಿಯ ಗಂಟು ಹಾಕುತ್ತಿದ್ದಳು. ಅಜ್ಜನ ಗೋರಿಯವರೆಗೂ ಒಂದು ಕಿವಿ ಸ್ವೇತೋಜಾರನ ಕೈಯಲ್ಲಿ, ಇನ್ನೊಂದು ತನ್ನ ಕೈಯಲ್ಲಿ ಇರುತ್ತಿತ್ತು. ಗಂಟು ಬಿಗಿದು, ತನ್ನ ಕಡೆಯ ಕಿವಿ ಹಿಡಿದು ಮೆಲ್ಲನೆ ಎತ್ತಿದ. ಬಟ್ಟಲು ಓರೆಯಾಯಿತು. ಬಟ್ಟೆಯ ಸಂದಿನಿಂದ ನಾಲ್ಕು ಕಾಳು ಗೋಧಿ ಮೇಜಿನ ಮೇಲೆ ಉದುರಿದವು.