ನಲವತ್ತು ಸೆಕೆಂಡಿಗೊಂದು ಸಾಲು

೧
ಈ ಕಥೆಯನ್ನು ಸದ್ದಿನಿಂದ ಶುರುಮಾಡಲೋ, ಸದ್ದಿಲ್ಲದೆ ಶುರುಮಾಡಲೋ? ‘ಢಮಾರ್!’ ಎಂದು ಬರೆದು ಹೊಡೆದುಹಾಕಿದೆ. (ಏನೂ ಬಿದ್ದಿರಲಿಲ್ಲ. ಓದುಗರನ್ನು ಸುಮ್ಮನೆ ಬೆಚ್ಚಿಬೀಳಿಸುವುದು ಮರ್ಯಾದೆಯಲ್ಲ.)

೨
ಅವಳನ್ನು ನಾದಿನಿ ಎನ್ನೋಣ. ಪದದೊಳಗೇ ನಾದವಿದೆ, ಪುಕ್ಕಟೆಯಾಗಿ. ಕಿವಿ ಕೇಳದವರಿಗಾಗಿ ಸಿನಿಮಾದ ಕೆಳಗೆ ಅಕ್ಷರ ಕೂರಿಸುವುದು ಅವಳ ಕೆಲಸ, ಮನೆಯಿಂದಲೇ. ಮಾತಿಗೆ ಮಾತು, ಮಿಕ್ಕಿದ್ದಕ್ಕೆಲ್ಲ ‘ಸದ್ದು’ ಎಂದು ಹಾಕಿ ಕೈತೊಳೆದುಕೊಳ್ಳುತ್ತಿದ್ದಳು. ಮೊದಲ ಪ್ರೇಕ್ಷಕಿ ಅತ್ತಿಗೆ. ಹದಿನಾರರಲ್ಲಿ ಜ್ವರ ಬಂದು ಕಿವಿ ಹೋದವಳು, ತುಟಿ ನೋಡಿ ಮಾತು ಹಿಡಿಯುವವಳು.

“ಯಾವ ಸದ್ದೇ? ಊಟಕ್ಕೆ ಏನಿದೆ ಅಂದ್ರೆ ‘ಆಹಾರ’ ಅಂತೀಯಾ?”

ಮಾತು ನಾಟಿತು. ಅವತ್ತು ಹೆಡ್‌ಫೋನ್ ಹಾಕಿಕೊಂಡವಳಿಗೆ ಹುಚ್ಚೇ ಹಿಡಿಯಿತು. ನಲ್ಲಿ ತೊಟತೊಟ, ಕಾಗದ ಪರಪರ, ಫ್ಯಾನು ಮೂರು ಸಲ ಗಿರಗಿರ, ನಾಲ್ಕನೆಯದಕ್ಕೆ ಟಕ್! ಇದು ತಾಳವಲ್ಲದೆ ಮತ್ತೇನು? ಹೆಡ್‌ಫೋನ್ ತೆಗೆದರೆ ಮನೆಯೂ ನುಡಿಸುತ್ತಿತ್ತು! ಇಷ್ಟು ದಿನ ಟಿಕೆಟ್ಟಿಲ್ಲದ ಕಛೇರಿಯಲ್ಲಿ ಕೂತು ತೂಕಡಿಸಿದ್ದಳು.

೩
(ಇಲ್ಲೊಂದು ಪ್ರೇಮಪ್ರಕರಣ ಬರೆದಿದ್ದೆ. ನಾದಿನಿ ತಕರಾರು ತೆಗೆದಳು: “ನನಗೆ ಐದು ಗಂಟೆಗೆ ಡೆಡ್‌ಲೈನು, ನಿಮಗೆ ಚೆಲ್ಲಾಟ!” ಹರಿದುಹಾಕಿದೆ.)

೪
ಸಿನಿಮಾದಲ್ಲಿ ಅಕ್ಷರ ಕೂರಿಸಲು ಉಳಿದದ್ದು ಒಂದೇ ದೃಶ್ಯ. ಮಗಳನ್ನು ಬಸ್ಸು ಹತ್ತಿಸಿದ ತಾಯಿ ಮನೆಗೆ ಬಂದು ನಿಲ್ಲುತ್ತಾಳೆ. ನಲವತ್ತು ಸೆಕೆಂಡು ಮಾತಿಲ್ಲ, ಸಂಗೀತವಿಲ್ಲ.

“ಖಾಲಿ ಬಿಡಿ ಮೇಡಂ,” ಎಂದರು ಬಾಸ್ ಫೋನಿನಲ್ಲಿ.

“ಖಾಲಿ ಅಲ್ಲ ಸರ್ ಅದು. ಬರೆಯೋದು ಮರೆತೆ ಅಂದ್ಕೋತಾರೆ.”

“ಸರಿ, ‘ನಿಶ್ಶಬ್ದ’ ಅಂತ ಹಾಕಿ. ಐದಕ್ಕೆ ಸರಿಯಾಗಿ ಫೈಲ್ ಬರ್ಲಿಲ್ಲ ಅಂದ್ರೆ ಮುಂದಿನ ಸಿನಿಮಾ ಬೇರೆಯವರಿಗೆ.”

ನಿಶ್ಶಬ್ದ! ಶಬ್ದವೆಂದರೆ ಸದ್ದೂ ಹೌದು, ಪದವೂ ಹೌದು. ಇಲ್ಲ ಎನ್ನುವುದಕ್ಕೂ ಒಂದು ಶಬ್ದ ಖರ್ಚಾಗಬೇಕೆ? (ಪ್ರಶ್ನೆ ನನ್ನದು. ಅವಳಿಗೆ ಪುರುಸೊತ್ತಿರಲಿಲ್ಲ.) ಅವಳು ಕಣ್ಣುಮುಚ್ಚಿ ಆ ನಲವತ್ತು ಸೆಕೆಂಡನ್ನು ಏಳು ಸಲ ಕೇಳಿದಳು. ಐದಕ್ಕೆ ಎರಡು ನಿಮಿಷವಿದ್ದಾಗ ಟೈಪ್ ಮಾಡಿದಳು: ‘ಮನೆ ಬಿಕೋ ಎನ್ನುತ್ತಿದೆ.’

ಬೆನ್ನ ಹಿಂದೆ ನಿಂತಿದ್ದ ಅತ್ತಿಗೆ ಓದಿದಳು.

“ಮನೆ ಹಾಗನ್ನೋದು ನಿನಗೆ ಕೇಳಿಸ್ತಾ?”

ನಾದಿನಿ ತಿರುಗಿ, ತುಟಿ ಕಾಣುವಂತೆ ಹೇಳಿದಳು: “ಇಲ್ಲ ಅತ್ತಿಗೆ. ಅದು ಯಾರ ಕಿವಿಗೂ ಕೇಳಿಸಲ್ಲ.”

“ಅಯ್ಯೋ ಹುಚ್ಚೀ, ಹಾಗಾದ್ರೆ ನನಗೂ ಕೇಳಿಸ್ತಲ್ಲೇ!”

ಫೈಲು ಹೋಯಿತು.

೫
ಬಾಸ್ ಭೇಷ್ ಎಂದರು ಎಂದು ಬರೆದೆ. ಸಾಲನ್ನು ಅಳಿಸಿದರು, ಅವಳನ್ನೂ ಕೆಲಸದಿಂದ ಬಿಡಿಸಿದರು ಎಂದೂ ಬರೆದೆ. “ಎರಡೂ ಬೇಡ, ಹೋಗಿ,” ಎಂದಳು ನಾದಿನಿ.

ಈಗ ಬಾಸಿನ ಫೋನು ಬರುತ್ತಿದೆ. ಸೈಲೆಂಟಿನಲ್ಲಿಟ್ಟ ಮೊಬೈಲು ಗುರ್ರ್ ಎಂದು ನಡುಗುತ್ತ ಮೇಜಿನ ಅಂಚಿನತ್ತ ಜಾರುತ್ತಿದೆ. ನಾದಿನಿ ಕೈಚಾಚಿದ್ದಾಳೆ. ಅತ್ತಿಗೆ ಎರಡೂ ಅಂಗೈಗಳನ್ನು ಮೇಜಿಗೊತ್ತಿ ಕಣ್ಣರಳಿಸಿದ್ದಾಳೆ.

“ತಡಿಯೇ, ಎತ್ತಬೇಡ. ಎಷ್ಟು ಚೆನ್ನಾಗಿದೆ!”