ಬಿಲ್ಲು ತೀರುವ ತನಕ

ಬಿಲ್ಲು ತೀರುವ ತನಕ ಯಂತ್ರ ಅಂಗಡಿಯ ಹೊಸ್ತಿಲು ದಾಟಬಾರದು. ಅಪ್ಪ ನನಗೆ ಕಲಿಸಿದ ಕಾನೂನು ಇಷ್ಟೇ. ರಿಪೇರಿ ಮಾಡಿದವರು ತಮ್ಮ ಕೂಲಿ ಬರುವವರೆಗೆ ವಸ್ತುವನ್ನು ತಮ್ಮಲ್ಲೇ ಇಟ್ಟುಕೊಳ್ಳಬಹುದು. ಕೊಟ್ಟು ಕಳಿಸಿದರೆ ಆ ಹಕ್ಕೂ ಅದರ ಜೊತೆಗೇ ಹೋಯಿತು. ಆಮೇಲೆ ಕಾಲೇಜಿನಲ್ಲಿ ಇದನ್ನೇ ನಾಲ್ಕು ಪುಟಗಳಷ್ಟು ಓದಿದೆ.

ಅಪ್ಪ ತೀರಿಕೊಂಡ ಮೇಲೆ ಅಂಗಡಿಯನ್ನು ನಾನೊಬ್ಬಳೇ ನೋಡಿಕೊಳ್ಳುತ್ತಿದ್ದೇನೆ. ಹೊಲಿಗೆ ಯಂತ್ರ, ಹೆಣಿಗೆ ಯಂತ್ರಗಳ ರಿಪೇರಿ. ಬರುವವರು ಎರಡೇ ಮಾತು ಕೇಳುತ್ತಾರೆ: ಎಷ್ಟಾಗುತ್ತೆ, ಯಾವಾಗ ಕೊಡ್ತೀರಾ. ಕೆಲವು ದಿನ ಅದನ್ನೂ ಕೇಳುವವರಿರುವುದಿಲ್ಲ. ಸಂಜೆ ಬೀಗ ಹಾಕಿ, ಮೂರು ಸಲ ಎಳೆದು ನೋಡಿ, ಬೀದಿಯ ತಿರುವಿನವರೆಗೆ ಹೋದವಳು ಮತ್ತೆ ಬಂದು ಇನ್ನೊಮ್ಮೆ ಎಳೆದು ನೋಡುತ್ತೇನೆ. ಮನೆಗೆ ಹೋಗುವ ಅವಸರ ನನಗೆ ಯಾವತ್ತೂ ಇರಲಿಲ್ಲ.

ಸ್ವೆಟರ್ ಅಕ್ಕ ಬಂದದ್ದು ಚಳಿಗಾಲಕ್ಕೆ ಮೂರು ತಿಂಗಳಿರುವಾಗ. ಅವಳನ್ನು ನಾನು ಕರೆಯುತ್ತಿದ್ದದ್ದೇ ಹಾಗೆ. ಶಾಲೆಗಳಿಗೆ ಸ್ವೆಟರ್ ಹೆಣೆದು ಕೊಡುತ್ತಿದ್ದಳು. ಅವಳ ಹೆಣಿಗೆ ಯಂತ್ರದ ಮೇಲೆ ಅತ್ತಿತ್ತ ಓಡುವ ಗಾಡಿ ಮುರಿದಿತ್ತು, ಅರವತ್ತು ಸೂಜಿ ಬಾಗಿದ್ದವು. ಯಂತ್ರ ಕೊಂಡದ್ದು ಒಂದು ಫೈನಾನ್ಸ್ ಕಂಪನಿಯ ಸಾಲದಲ್ಲಿ, ಆ ಸಾಲಕ್ಕೆ ಆಧಾರವೂ ಆ ಯಂತ್ರವೇ. ಅದು ನಿಂತ ಮೇಲೆ ಸಂಪಾದನೆ ನಿಂತಿತು, ಮೂರು ಕಂತು ತಪ್ಪಿದವು. ನಾನು ರಿಪೇರಿ ಮುಗಿಸಿ ಎಂಟು ಸಾವಿರದ ನಾನೂರರ ಬಿಲ್ಲು ಕೊಟ್ಟೆ. ಅವಳು ಅದನ್ನು ತಿರುಗಿಸಿ ಹಿಂಬದಿ ನೋಡಿದಳು.

"ಹಿಂದುಗಡೆ ಏನಾದ್ರೂ ಕಮ್ಮಿ ಬರೆದಿದೀಯಾ ಅಂತ ನೋಡ್ದೆ," ಅಂದಳು.

ಮೊದಲ ದಿನವೇ ನನ್ನನ್ನು 'ನೀನು' ಎಂದವಳು. ನನಗಿಂತ ಆರೇಳು ವರ್ಷ ದೊಡ್ಡವಳಿರಬೇಕು.

ಮರುದಿನ ಸ್ವೆಟರ್ ಅಕ್ಕ ಅಂಗಡಿಯಲ್ಲಿದ್ದಾಗಲೇ ಫೈನಾನ್ಸಿನವನು ಫೈಲು ಹಿಡಿದು ಬಂದ. ಸಭ್ಯ ಮನುಷ್ಯ. ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಬಂದು, ಯಂತ್ರದ ನಂಬರನ್ನು ಫೈಲಿನ ಜೊತೆ ಹೋಲಿಸಿ ನೋಡಿದ.

"ಇದನ್ನ ತಗೊಂಡು ಹೋಗೋಕೆ ಬಂದಿದೀನಿ ಮೇಡಂ. ನಮ್ಮ ಸಾಲ ಮೊದಲಿಂದು, ರಿಜಿಸ್ಟರ್ ಕೂಡ ಆಗಿದೆ."

"ನಿಮ್ಮ ಸಾಲ ಮೊದಲಿಂದೇ," ಅಂದೆ. "ಆದ್ರೆ ಹೋದ ವಾರ ಇದು ಗುಜರಿ ಆಗಿತ್ತು. ಇವತ್ತು ಇದಕ್ಕೆ ಬೆಲೆ ಬಂದಿರೋದು ನನ್ನ ಕೆಲಸದಿಂದ. ಅದಕ್ಕೆ ಮೊದಲು ನನ್ನ ಬಿಲ್ಲು. ಕೊಟ್ಟು ತಗೊಂಡು ಹೋಗಿ."

ಅವನು ಹೊರಗೆ ಹೋಗಿ ಫೋನಿನಲ್ಲಿ ಮಾತಾಡಿ ಬಂದ.

"ಗೋದಾಮಲ್ಲಿ ಇಂಥವು ನಾಲ್ಕು ಧೂಳು ತಿಂತಾ ಬಿದ್ದಿವೆಯಂತೆ. ಇದಕ್ಕೆ ಕೈಯಿಂದ ದುಡ್ಡು ಹಾಕೋಕೆ ಮೇಲಿನವರು ಒಪ್ತಿಲ್ಲ. ಇರ್ಲಿ. ಬಿಲ್ಲು ತೀರಿದ ದಿನ ಬರ್ತೀನಿ."

ಅವನು ಹೋದ ಮೇಲೆ ಸ್ವೆಟರ್ ಅಕ್ಕ ಸ್ಟೂಲಿನ ಮೇಲೆ ಕುಸಿದಳು. "ಅಂದ್ರೆ ನಿನಗೆ ದುಡ್ಡು ಕೊಟ್ರೆ ನನ್ನ ಮೆಷಿನ್ ಹೋಗುತ್ತೆ. ಕೊಡದಿದ್ರೆ ಇಲ್ಲೇ ಇರುತ್ತೆ. ಇದ್ಯಾವ ನ್ಯಾಯನೇ?"

"ಇಲ್ಲೇ ಇರುತ್ತೆ. ನೀವು ಇಲ್ಲೇ ಬಂದು ಹೆಣೀರಿ," ಅಂದೆ. ಯೋಚಿಸದೆ ಮಾತಾಡುವವಳಲ್ಲ ನಾನು. ಆ ಮಾತು ಮಾತ್ರ ಹಾಗೇ ಬಂದುಬಿಟ್ಟಿತು.

ಹಾಗೆ ಶುರುವಾಯಿತು. ಎರಡು ಬಸ್ಸು ಹಿಡಿದು ಹತ್ತಕ್ಕೆ ಬರುತ್ತಿದ್ದಳು. ಕಿಟಕಿಯ ಪಕ್ಕ ಯಂತ್ರ, ಕಾಲ ಬಳಿ ಉಲ್ಲನ್ ಚೀಲ. ಅವಳು ಗಾಡಿಯನ್ನು ಅತ್ತಿಂದಿತ್ತ ಎಳೆಯುವ ಝರ್ ಝರ್ ಸದ್ದಿಗೆ ನನ್ನ ಕೈಕೆಲಸವೂ ಹೊಂದಿಕೊಂಡಿತು. ಒಂದು ಮಧ್ಯಾಹ್ನ ನನ್ನ ಊಟದ ಡಬ್ಬಿಗೆ ಇಣುಕಿ, "ಇದೇನು, ಊಟನಾ ಔಷಧಿನಾ? ಅಳತೆ ಮಾಡಿ ಹಾಕಿದ ಹಾಗಿದೆ!" ಅಂದಳು. ಮರುದಿನದಿಂದ ಅವಳ ಡಬ್ಬಿ ದೊಡ್ಡದಾಯಿತು. ಅವಳ ಜೊತೆಗೇ ಬೇಗ ಅಂಗಡಿ ಮುಚ್ಚಿದ ಒಂದು ದಿನ ನಾನು ಬೀಗ ಎಳೆದು ನೋಡುವುದನ್ನು ಕಂಡು, "ಪಾಪ, ಅದಕ್ಕೂ ಜೀವ ಇದೆ ಬಿಡೇ," ಅಂದಳು. ನಾನು ನಕ್ಕೆ. ಅಂಗಡಿಯ ಬಾಗಿಲಲ್ಲಿ ನನ್ನ ನಗು ನನಗೇ ಹೊಸದಾಗಿ ಕೇಳಿಸಿತು.

ನಾಲ್ಕಕ್ಕೆ ಅವಳು ಹೊರಡಲೇಬೇಕಿತ್ತು. ಮಗಳು ಮೂರನೇ ಕ್ಲಾಸು. ಶಾಲೆ ಬಿಟ್ಟ ಮೇಲೆ, ಅಮ್ಮ ಬರುವವರೆಗೆ ಪಕ್ಕದ ಮನೆಯವರ ಹತ್ತಿರ ಇರುತ್ತಿದ್ದಳು. ಯಂತ್ರ ಮನೆಯಲ್ಲಿದ್ದಾಗ ಆ ತೊಂದರೆ ಇರಲಿಲ್ಲ.

ಸಾಲದ ಅವಧಿ ಹೆಚ್ಚಿಸಿ, ಕಂತು ಕಡಿಮೆ ಮಾಡಿ ಎಂದು ಕಂಪನಿಗೆ ಅರ್ಜಿ ಬರೆದುಕೊಟ್ಟವಳು ನಾನೇ. ವಸೂಲಿಯ ಭಯಕ್ಕೆ ಅವಳು ಗೊತ್ತಿಲ್ಲದ ನಂಬರಿನ ಫೋನು ಎತ್ತುತ್ತಿರಲಿಲ್ಲ. ಅದಕ್ಕೇ ಅರ್ಜಿಯಲ್ಲಿ ಅಂಗಡಿಯ ನಂಬರು ಹಾಕಿದ್ದೆ.

ಎರಡು ತಿಂಗಳ ನಂತರ ಒಂದು ಸಂಜೆ, ಅವಳು ಹೋದ ಮೇಲೆ, ಫೋನು ಬಂತು. ಫೈನಾನ್ಸಿನವನು.

"ಮೇಡಂ, ಅವರ ಅರ್ಜಿ ಒಪ್ಪಿದಾರೆ. ಜಪ್ತಿ ಫೈಲು ಮುಚ್ತೀವಿ. ತಿಂಗಳ ಕೊನೆಯೊಳಗೆ ಬಂದು ಒಂದು ಸಹಿ ಹಾಕೋಕೆ ಹೇಳಿ. ಅದು ದಾಟಿದ್ರೆ ಮಾತ್ರ ಮತ್ತೆ ಹಳೇ ಕಥೆನೇ."

"ಹೇಳ್ತೀನಿ," ಅಂದೆ.

ತಿಂಗಳು ಮುಗಿಯಲು ಎರಡು ವಾರವಿತ್ತು. ಬೆಳಿಗ್ಗೆ ಬಂದ ಕೂಡಲೇ ಹೇಳಬೇಕೆಂದು ರಾತ್ರಿಯೇ ವಾಕ್ಯ ಜೋಡಿಸಿಕೊಂಡಿದ್ದೆ. ಅವಳು ಬಂದು, ಚೀಲ ಇಟ್ಟು, "ನೋಡು, ನಿನಗೆ ಅಂತ ಈ ಬಣ್ಣ ತಂದೆ, ಬೂದಿ ಬಣ್ಣ ಬಿಟ್ಟು ಬೇರೆ ಏನಾದ್ರೂ ಹಾಕ್ಕೋ," ಅಂದಳು. ನಾಳೆ ಹೇಳೋಣ ಅಂದುಕೊಂಡೆ. ನಾಳೆಯೂ ಹಾಗೇ ಆಯಿತು. ನನ್ನನ್ನು ನಾನು ಎಷ್ಟು ಕಾವಲು ಕಾಯುತ್ತೇನೆಂದರೆ, ಈ ತಪ್ಪು ನಡೆಯುತ್ತಿರುವುದನ್ನು ದಿನದಿನವೂ ಸ್ಪಷ್ಟವಾಗಿ ನೋಡುತ್ತಿದ್ದೆ. ನೋಡುತ್ತಲೇ ಇದ್ದೆ.

ಆರನೆಯ ದಿನ ಅವಳು ನೋಟುಗಳ ಕಟ್ಟು ತಂದು ಮೇಜಿನ ಮೇಲಿಟ್ಟಳು. ಶಾಲೆಯವರು ದುಡ್ಡು ಕೊಟ್ಟಿದ್ದರು.

"ತಗೋ. ನಿನ್ನ ಋಣ ತಲೆ ಮೇಲಿದ್ರೆ ನಿದ್ದೆ ಬರಲ್ಲ ನಂಗೆ."

"ಈಗ ಬೇಡ ಅಕ್ಕ. ಬಿಲ್ಲು ತೀರಿದ್ರೆ ಅವನು ಮರುದಿನಾನೇ ಬರ್ತಾನೆ."

ಒಂದು ವಾರದ ಹಿಂದೆ ಇದೇ ಮಾತು ಸತ್ಯವಾಗಿತ್ತು. ಅವಳು ನನ್ನನ್ನು ನಂಬಿ ನೋಟುಗಳನ್ನು ಚೀಲಕ್ಕೆ ಹಾಕಿಕೊಂಡಳು. ಕೊಡಲು ಬಂದ ಹಣವನ್ನು ಬೇಡವೆಂದ ಮೇಲೆ ವಸ್ತುವನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ಉಳಿಯುವುದಿಲ್ಲವೆಂದು ನನಗೆ ಗೊತ್ತಿತ್ತು. ಆ ಮಧ್ಯಾಹ್ನದಿಂದ ಯಂತ್ರ ನನ್ನಲ್ಲಿದ್ದದ್ದು ಯಾವ ಹಕ್ಕಿನಿಂದಲೂ ಅಲ್ಲ. ಗಾಡಿ ಝರ್ ಝರ್ ಎನ್ನುತ್ತಲೇ ಇತ್ತು.

ಹನ್ನೊಂದನೆಯ ದಿನ ತಡವಾಗಿ ಬಂದಳು. ಕಣ್ಣು ಊದಿತ್ತು.

"ನಿನ್ನೆ ಬಸ್ಸು ಕೆಟ್ಟು ನಿಂತುಬಿಡ್ತು. ಮನೆ ಸೇರೋವಾಗ ಏಳೂವರೆ. ಪಕ್ಕದ ಮನೆಯವರು ಎಲ್ಲೋ ಹೋಗಿದ್ರು. ಕರೆಂಟೂ ಇಲ್ಲ. ನನ್ನ ಮಗಳು ಕತ್ತಲಲ್ಲಿ ಮೆಟ್ಟಿಲ ಮೇಲೆ ಮಲಗಿಬಿಟ್ಟಿದ್ಲು, ಚಪ್ಪಲಿನ ತಲೆ ಕೆಳಗಿಟ್ಕೊಂಡು. ಎಬ್ಬಿಸಿದ್ರೆ ಕೇಳ್ತಾಳೆ, ಆ ಆಂಟಿ ನಮ್ಮ ಮೆಷಿನ್‌ನ ಯಾವಾಗ ಬಿಡ್ತಾರಮ್ಮ ಅಂತ." ನಗಲು ನೋಡಿದಳು. "ಏನಂತ ಹೇಳ್ಲೇ ಅವಳಿಗೆ?"

ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟೆ.

"ಫೈನಾನ್ಸಿನವರು ಫೋನ್ ಮಾಡಿದ್ರು. ನಿಮ್ಮ ಅರ್ಜಿ ಒಪ್ಪಿದಾರೆ. ತಿಂಗಳ ಕೊನೆಯೊಳಗೆ ಹೋಗಿ ಸಹಿ ಹಾಕಿದ್ರೆ ಯಂತ್ರ ಯಾರೂ ಮುಟ್ಟಲ್ಲ."

ಅವಳು ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು. ಕಣ್ಣು ತುಂಬಿತು. "ನಿಜನಾ? ಯಾವಾಗ ಮಾಡಿದ್ರು? ಈಗ್ಲಾ?"

ಈಗಲೇ ಎಂದುಬಿಡಬಹುದಿತ್ತು.

"ಹನ್ನೊಂದು ದಿನ ಆಯ್ತು."

ಅವಳ ಕೈ ನಿಧಾನವಾಗಿ ಕೆಳಗಿಳಿಯಿತು.

"ಮರೆತುಬಿಟ್ಟಿದ್ಯಾ?"

ಅವಳೇ ನನಗೊಂದು ದಾರಿ ಮಾಡಿಕೊಡುತ್ತಿದ್ದಳು.

"ಇಲ್ಲ," ಅಂದೆ. "ನೀವು ಹೊರಟುಹೋಗ್ತೀರಲ್ಲ ಅಂತ..."

ಯಂತ್ರದ ಮೇಲೆ ಸ್ವೆಟರಿನ ಒಂದು ತೋಳು ಅರ್ಧಕ್ಕೆ ನಿಂತಿತ್ತು. ಅವಳು ಆ ಸಾಲನ್ನು ಮುಗಿಸಿ, ನೂಲು ಕತ್ತರಿಸಿ, ಚೀಲ ಎತ್ತಿಕೊಂಡಳು.

"ಬಾ ಅಂದಿದ್ರೆ ಭಾನುವಾರ ಭಾನುವಾರ ಬರ್ತಿದ್ದೆ ಕಣೇ," ಅಂದಳು. "ಮಗಳನ್ನೂ ಕರ್ಕೊಂಡೇ ಬರ್ತಿದ್ದೆ."

ಸಹಿ ಹಾಕಲು ನೇರ ಹೋದಳೆಂದು ಮಧ್ಯಾಹ್ನ ಫೈನಾನ್ಸಿನವನ ಫೋನಿನಿಂದ ಗೊತ್ತಾಯಿತು. ಅವನು ನನಗೆ ಥ್ಯಾಂಕ್ಸ್ ಹೇಳಿದ.

ಮರುದಿನ ಒಂಬತ್ತಕ್ಕೇ ಬಾಡಿಗೆ ವ್ಯಾನು ಬಂದು ನಿಂತಿತು. ಅವಳು ಒಳಗೆ ಬಂದು ನೋಟುಗಳನ್ನು ಮೇಜಿನ ಮೇಲಿಟ್ಟಳು. ಕೂರಲಿಲ್ಲ.

"ಹನ್ನೊಂದು ದಿನದಲ್ಲಿ ಒಂದು ಭಾನುವಾರ ಬಿಟ್ಟು, ಹತ್ತು ದಿನದ ಬಸ್ ಚಾರ್ಜು ಕಳೆದಿದೀನಿ. ಎಣಿಸ್ಕೊಳ್ಳಿ. ಪೂರ್ತಿ ಸಂದಾಯ ಆಯ್ತು ಅಂತ ಒಂದು ಚೀಟಿ ಬರೆದುಕೊಡಿ ಮೇಡಂ."

ಎಣಿಸದೆ ಬರೆದುಕೊಟ್ಟೆ. ಅವಳು ನಿಂತೇ ಓದಿ, ಮಡಚಿ, ಪರ್ಸಿಗೆ ಹಾಕಿಕೊಂಡಳು. ಡ್ರೈವರ್ ಒಂದು ತುದಿ ಹಿಡಿದ, ಅವಳು ಇನ್ನೊಂದು. ನಾನು ಕೈ ಹಾಕಲು ಹೋದಾಗ "ಬೇಡ, ಆಗುತ್ತೆ," ಅಂದಳು. ಯಂತ್ರ ಹೊಸ್ತಿಲು ದಾಟಿತು.

ಲೆಕ್ಕದ ಪುಸ್ತಕ ತೆಗೆದೆ. ಬಂದ ಹಣ ಬಿಲ್ಲಿಗಿಂತ ಕಡಿಮೆಯಿದ್ದರೆ ಕಾರಣ ಬರೆಯುವ ಕಾಲಂ ಒಂದಿದೆ. ಅಪ್ಪನ ಕಾಲದಿಂದಲೂ ಅಲ್ಲಿ ಬೀಳುವುದು ಒಂದೇ ಪದ, ರಿಯಾಯಿತಿ. ಅದನ್ನೇ ಬರೆದು ನೋಡಿದೆ. ನಾನೇನೋ ಔದಾರ್ಯ ತೋರಿಸಿದ ಹಾಗೆ ಕಾಣಿಸಿತು. ಹೊಡೆದುಹಾಕಿ, 'ಕಾರಣವಿಲ್ಲದೆ ತಡೆದ ದಿನಗಳು' ಎಂದು ಬರೆದೆ.

ಬಾಗಿಲಲ್ಲಿ ಡ್ರೈವರ್ ನಿಂತಿದ್ದ. "ಅವರದು ಉಲ್ಲನ್ ಉಂಡೆ ಒಂದು ಇಲ್ಲೇ ಉಳಿದಿದೆಯಂತೆ."

ಕಿಟಕಿಯ ಕೆಳಗೆ ಸಿಕ್ಕಿತು. ಧೂಳು ಒರೆಸಿ ಕೊಟ್ಟೆ. ವ್ಯಾನಿನ ಮುಂದಿನ ಸೀಟಿನಲ್ಲಿ ಅವಳು ರಸ್ತೆ ನೋಡುತ್ತ ಕೂತಿದ್ದಳು.

"ಅವರದು ಇನ್ನೇನೂ ಇಲ್ವಾ ಇಲ್ಲಿ?" ಡ್ರೈವರ್ ಕೇಳಿದ.

ಸ್ಟೂಲಿನ ಕೆಳಗೆ, ಮೇಜಿನ ಹಿಂದೆ, ಕಿಟಕಿಯ ಅಂಚಿನಲ್ಲಿ ಮತ್ತೊಮ್ಮೆ ಹುಡುಕಿದೆ. ನಿಧಾನವಾಗಿಯೇ ಹುಡುಕಿದೆ.

"ಇಲ್ಲ," ಅಂದೆ. "ಇನ್ನೇನೂ ಇಲ್ಲ."