ತೊಳೆದ ಬೆಳ್ಳಿ

ಆರ್.ಟಿ. ನಗರದಲ್ಲಿ ಆಗಿನ್ನೂ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಕೋಗಿಲಿನಿಂದ ಮದುವೆಯಾಗಿ ಬಂದ ದ್ರೌಪದಮ್ಮನಿಗೆ ಭಾನುವಾರವೆಂದರೆ ಗಂಡ ಚಿಕ್ಕಮುನಿಯಪ್ಪನಿಗೂ ಅವನ ಗೆಳೆಯ ಮೊಯಿನುದ್ದೀನನಿಗೂ ಕಾಫಿ ಕೊಡುವ ದಿನ. ಇಬ್ಬರೂ ಜಾಲಹಳ್ಳಿಯ ಕಾರ್ಖಾನೆಯಲ್ಲಿ ಒಂದೇ ಪಾಳಿ. ಬೊಂಬಾಯಿಯ ಟಂಕಸಾಲೆಯಿಂದ ಹೊಸ ನಾಣ್ಯಗಳ ಸೆಟ್ ತರಿಸಿ ಕೂಡಿಡುವ ಹುಚ್ಚು ಇಬ್ಬರಿಗೂ. ಒಬ್ಬನ ಸೆಟ್ಟನ್ನು ಇನ್ನೊಬ್ಬ ತಿಂಗಳುಗಟ್ಟಲೆ ಮನೆಯಲ್ಲಿಟ್ಟುಕೊಳ್ಳುವಷ್ಟು ನಂಬಿಕೆ. ಕಿಟಕಿಯ ಪಕ್ಕ ತಲೆಗೆ ತಲೆ ತಾಗಿಸಿ ಕೂತು ನೋಡುವರು. ಅವಳು ಲೋಟ ಇಟ್ಟು ಒಳಗೆ ಹೋಗುವಳು. ಅದರಲ್ಲೇನಿದೆ ಎಂದು ಅವರು ಹೇಳಲಿಲ್ಲ, ಅವಳು ಕೇಳಲಿಲ್ಲ.

ಎಪ್ಪತ್ತೇಳರ ವರಮಹಾಲಕ್ಷ್ಮಿ ಹಬ್ಬದ ಬೆಳಿಗ್ಗೆ, ಕಲಶದ ಮುಂದೆ ಬೆಳ್ಳಿಯದೇನಾದರೂ ಇಡೋಣವೆಂದು ಬೀರು ತೆಗೆದಳು. ರಟ್ಟಿನ ಪೆಟ್ಟಿಗೆಯಲ್ಲಿ ಹತ್ತು ರೂಪಾಯಿಯ ದೊಡ್ಡ ಬೆಳ್ಳಿ ನಾಣ್ಯ, ಕಪ್ಪಿಟ್ಟಂತೆ ಕೂತಿತ್ತು.

"ಅಯ್ಯೋ, ಲಕ್ಷ್ಮೀನ ಇಂಗಾ ಇಡೋದು!" ಎಂದು ಮರುಗಿ ಹುಣಸೆಹಣ್ಣು ಹಚ್ಚಿದಳು, ವಿಭೂತಿ ಹಾಕಿ ತಿಕ್ಕಿದಳು. ನಾಣ್ಯ ಥಳಥಳಿಸಿತು.

ಸಂಜೆ ಕೆಲಸದಿಂದ ಬಂದ ಚಿಕ್ಕಮುನಿಯಪ್ಪ ದೇವರ ಮುಂದೆ ಕೈಮುಗಿದವನು ನಾಣ್ಯ ಕಂಡು ಕೂಗಾಡಿದ.

"ಏನ್ ಮಾಡ್ಬಿಟ್ಟೆ ಕಣೇ! ವರ್ಷಗಟ್ಲೆ ಕೂತಿದ್ದ ಬಣ್ಣಾನೆಲ್ಲ ತಿಕ್ಕಿ ತೆಗೆದ್ಬಿಟ್ಟೆ. ಇದು ನಮ್ದಲ್ಲ, ಮೊಯಿನುದ್ದೀನ್‌ದು. ನಾನು ಯಾವ ಮುಖ ಇಟ್ಕೊಂಡು ಹೋಗ್ಲಿ?"

ಅವನು ಉಣ್ಣಲಿಲ್ಲ. ಬೆಳಗಾದಾಗ ಅವನು ಹೊರಡುವ ಮೊದಲೇ ಪೆಟ್ಟಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಾನೇ ಹಿಂದಿನ ರಸ್ತೆಯ ಮೊಯಿನುದ್ದೀನನ ಮನೆಗೆ ನಡೆದಳು.

ಮೊಯಿನುದ್ದೀನ್ ನಾಣ್ಯವನ್ನು ಅಂಚಿನಲ್ಲಿ ಹಿಡಿದು ಬೆಳಕಿಗೆ ಒಯ್ದ.

"ತೊಳೆದವಳು ನಾನು, ಅಣ್ಣ. ಅವರಿಗೆ ಗೊತ್ತೇ ಇರ್ಲಿಲ್ಲ. ಆ ಬಣ್ಣ ಮತ್ತೆ ಬರಾಕಿಲ್ವಾ?"

"ಬರ್ಬೋದು ಅಕ್ಕ. ಗಾಳಿ, ರಟ್ಟು, ಕಾಲ, ಎಲ್ಲಾ ಸೇರಿ ತಾನಾಗೇ ಬರ್ಬೇಕು. ಬಂದ್ರೂ ಅದೇ ಬಣ್ಣ ಬರಲ್ಲ." ಅವನ ದನಿ ಒಡೆದಿತ್ತು.

ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ತಾಹೆರಾ ಸುಮ್ಮನಿರಲಿಲ್ಲ. "ಅವ್ರಿಗೆ ಹೆಂಗ್ರೀ ಗೊತ್ತಾಗ್ಬೇಕು? ನನಗಾದ್ರೂ ಒಂದಿನ ತೋರ್ಸಿದೀರಾ? ನಾನಾಗಿದ್ರೂ ತೊಳೀತಿದ್ದೆ!"

ಮೊಯಿನುದ್ದೀನ್ ತಬ್ಬಿಬ್ಬಾದ. ಟ್ರಂಕಿನಿಂದ ಇನ್ನೊಂದು ಪೆಟ್ಟಿಗೆ ತಂದು, ಇಬ್ಬರನ್ನೂ ಕಿಟಕಿಯ ಬಳಿ ಕರೆದ. ಅಂಥದೇ ನಾಣ್ಯ, ಅಷ್ಟೇ ಕಪ್ಪು. ಅವನು ಅದನ್ನು ಮೆಲ್ಲಗೆ ಓರೆ ಮಾಡಿದ. ಅಂಚಿನಲ್ಲಿ ಜೇನಿನ ಬಣ್ಣ ಹೊತ್ತಿಕೊಂಡಿತು, ಅದರ ಒಳಗೆ ನೇರಳೆ, ನಡುವೆ ನವಿಲಿನ ಕೊರಳ ನೀಲಿ.

ಗಂಡ ಕೂಗಾಡಿದಾಗ ಅಳದಿದ್ದ ದ್ರೌಪದಮ್ಮ ಅದನ್ನು ಕಂಡು ಬಿಕ್ಕಿ ಬಿಕ್ಕಿ ಅತ್ತಳು. ತಾನು ತೊಳೆದದ್ದು ಏನೆಂದು ಅವಳಿಗೆ ಆಗಲೇ ತಿಳಿದದ್ದು.

"ಅಳ್ಬೇಡಿ ಅಕ್ಕ, ತಪ್ಪು ನಮ್ದೂ ಇದೆ," ಎಂದ ಮೊಯಿನುದ್ದೀನ್.

ಆಮೇಲಿನ ಭಾನುವಾರಗಳಲ್ಲಿ ನಾಲ್ವರೂ ಕೂತರು. ಕಾಫಿಗೆ ಸರದಿಯಾಯಿತು, ಚಿಕ್ಕಮುನಿಯಪ್ಪನ ಕಾಫಿ ನೀರುನೀರು ಎಂದು ತಾಹೆರಾ ಬಾಯಿಬಿಟ್ಟೇ ಹೇಳುವಳು. ಮರುವರ್ಷ ಹಬ್ಬದ ಮುನ್ನಾದಿನ ಮೊಯಿನುದ್ದೀನ್ ಸವೆದ ಬೆಳ್ಳಿ ರೂಪಾಯಿಯೊಂದನ್ನು ತಂದು, "ಇದನ್ನ ಎಷ್ಟು ಬೇಕಾದ್ರೂ ತಿಕ್ಕಿ ಅಕ್ಕ," ಎಂದು ನಕ್ಕ.

ಎಂಬತ್ತರ ದಶಕದಲ್ಲಿ ಎದುರಿನ ಸೈಟಿನಲ್ಲಿ ಎರಡಂತಸ್ತಿನ ಮನೆ ಎದ್ದು ಕಿಟಕಿಯ ಬೆಳಕು ಹೋಯಿತು. ಆಗ ಚಾಪೆ, ನಾಣ್ಯದ ಪೆಟ್ಟಿಗೆ ಹಿಡಿದುಕೊಂಡು ತಾರಸಿಗೆ ಹತ್ತಿದರು. ಹೆಬ್ಬಾಳದ ಕಡೆಯಿಂದ ಗಾಳಿ ಬೀಸುತ್ತಿತ್ತು. "ಸ್ವಲ್ಪ ಓರೆ ಮಾಡ್ರೀ, ಇನ್ನೂ ಸ್ವಲ್ಪ," ಎನ್ನುತ್ತ ದ್ರೌಪದಮ್ಮ ಎಲ್ಲರಿಗಿಂತ ಮುಂದೆ ಬಾಗುತ್ತಿದ್ದಳು.